ಹೂಂ, ಊಹೂಂ

ಕೋಚಿಂಗ್ ಪರೀಕ್ಷೆಗೆ ಓದುತ್ತಿದ್ದೇನೆ ಅಂದದ್ದೇ ತಪ್ಪಾಯಿತು. ಜಯನಗರದಲ್ಲಿ ಆ ಪದಕ್ಕಿರುವುದು ಒಂದೇ ಅರ್ಥ. "ಮಗನಿಗಾ? ನೀಟಾ, ಜೆಇಇನಾ?" ಎಂದು ಎದುರು ಮನೆಯವರು ಗೇಟಿನ ಮೇಲೆ ಮೊಣಕೈಯೂರಿ ವಿಚಾರಿಸಿದರು. ಮಗನಿಗಲ್ಲ, ನನಗೇ ಅಂದೆ. ಐವತ್ತಮೂರರ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೋಚಿಂಗ್ ಪರೀಕ್ಷೆಗೆ ಕೋಚಿಂಗ್ ಎಲ್ಲಿ ತಗೋತಿದ್ದೀರಿ?" ಅಂದರು. ಉತ್ತರಕ್ಕೆ ಕಾಯಲಿಲ್ಲ. "ಮಂಗಳವಾರ ರಾಹುಕಾಲದಲ್ಲಿ ಬನಶಂಕರಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿಬನ್ನಿ, ಪಾಸಾಗ್ತೀರಿ" ಎಂದು ಪರಿಹಾರವನ್ನೂ ಕೊಟ್ಟು ಒಳಗೆ ಹೋದರು.

ನನ್ನ ಪೇಚಾಟವೆಲ್ಲ ಈ ಪರಿಹಾರದ್ದೇ. ನಾನು ಓದುತ್ತಿರುವ ವಿದ್ಯೆಯ ಮೊದಲ ಪಾಠ, ಕೇಳದೆ ಪರಿಹಾರ ಕೊಡಬಾರದು. ಎರಡನೆಯ ಪಾಠ, ಕೇಳಿದರೂ ಕೊಡಬಾರದು. ಎದುರು ಕೂತವರು ತಮ್ಮ ದಾರಿ ತಾವೇ ಕಂಡುಕೊಳ್ಳುವವರೆಗೆ ಜೊತೆಗಿರಬೇಕು, ಅಷ್ಟೆ. 1995ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಇದಕ್ಕೆ ಮೂರು ಮೆಟ್ಟಿಲು ಕಟ್ಟಿದೆ. ನಾನು ಹತ್ತಲು ಹೊರಟಿದ್ದು ನಡುವಿನದು, ಪಿಸಿಸಿ. 125 ಗಂಟೆ ಪಾಠ, 500 ಗಂಟೆ ಅಭ್ಯಾಸ. ಆ 500ರಲ್ಲಿ 450 ಗಂಟೆಯಾದರೂ ದುಡ್ಡು ಪಡೆದು ಮಾಡಿದ್ದಾಗಿರಬೇಕು. ಗೇಟಿನಲ್ಲಿ ನಿಂತು ಊರವರ ಕಷ್ಟಸುಖ ಕೇಳಿದ್ದೆಲ್ಲ ಲೆಕ್ಕಕ್ಕೆ ಬರುವಂತಿದ್ದರೆ ನಮ್ಮ ಬೀದಿಯ ಹೆಂಗಸರೆಲ್ಲ ಎಂದೋ ಮೇಲಿನ ಮೆಟ್ಟಿಲಲ್ಲಿ ಕಾಲು ಚಾಚಿ ಕೂತಿರುತ್ತಿದ್ದರು.

ಕೊನೆಗೆ ಪರೀಕ್ಷೆ. 78 ಪ್ರಸಂಗ, ಒಂದೊಂದಕ್ಕೂ ನಾಲ್ಕು ಪ್ರತಿಕ್ರಿಯೆ. ನಾಲ್ಕರಲ್ಲಿ ಅತ್ಯುತ್ತಮ ಯಾವುದು, ತೀರಾ ಕೆಟ್ಟದ್ದು ಯಾವುದು, ಎರಡನ್ನೂ ಗುರುತು ಮಾಡಬೇಕು. ಉತ್ತಮವಾದದ್ದನ್ನು ಹುಡುಕುವುದಕ್ಕೆ ತಿಣುಕಬೇಕಾಗುತ್ತದೆ. ಕೆಟ್ಟದ್ದು ಮಾತ್ರ ತಕ್ಷಣ ಸಿಗುತ್ತದೆ: ನಾನು ಮನೆಯಲ್ಲಿ ದಿನಾ ಏನು ಹೇಳುತ್ತೇನೋ ಅದು.

ಕೋಚ್ ಎಂಬ ಪದದ ಜಾತಕ ತೆಗೆದರೆ ಹಂಗೇರಿಯಲ್ಲಿ ಅದೇ ಹೆಸರಿನ ಒಂದು ಹಳ್ಳಿ ಸಿಗುತ್ತದೆ. ಅಲ್ಲಿ ಮಾಡುತ್ತಿದ್ದ ಕುದುರೆಗಾಡಿಗೆ ಊರ ಹೆಸರೇ ಅಂಟಿಕೊಂಡು ಯುರೋಪೆಲ್ಲ ಓಡಾಡಿತು. ಹತ್ತೊಂಬತ್ತನೇ ಶತಮಾನದಲ್ಲಿ ಆಕ್ಸ್‌ಫರ್ಡಿನ ಹುಡುಗರು, ತಮ್ಮನ್ನು ಪರೀಕ್ಷೆಯ ಆಚೆ ದಡಕ್ಕೆ ಎಳೆದೊಯ್ಯುವ ಟ್ಯೂಷನ್ ಮೇಷ್ಟ್ರಿಗೆ ಆ ಗಾಡಿಯ ಹೆಸರಿಟ್ಟರು. ಅಂದರೆ ಎದುರು ಮನೆಯವರು ಹೇಳಿದ ಅರ್ಥವೇ ಹಳೆಯದು. ನನ್ನದು ನಿನ್ನೆ ಮೊನ್ನೆಯದು. ಇದನ್ನು ಅವರಿಗೆ ಇನ್ನೂ ಹೇಳಿಲ್ಲ.

ಕಲಿತದ್ದನ್ನು ಮೊದಲು ಪ್ರಯೋಗಿಸಿದ್ದು ಸೊಪ್ಪಿನವಳ ಮೇಲೆ. "ಮಗ ಓದು ಬಿಟ್‌ಬುಡ್ತೀನಿ ಅಂತವ್ನೆ ಕಣಮ್ಮ, ಡೆಲಿವರಿ ಕೆಲ್ಸಕ್ಕೆ ಹೋಯ್ತನಂತೆ. ಏನ್ ಮಾಡ್ಲಿ ಹೇಳಿ" ಅಂದಳು. ನಾಲಿಗೆಯ ತುದಿಗೆ ನಾಲ್ಕು ಸಲಹೆ ಬಂದು ನಿಂತವು. ನುಂಗಿಕೊಂಡೆ. ಪುಸ್ತಕದಲ್ಲಿದ್ದ ಹಾಗೇ ದನಿ ತಗ್ಗಿಸಿ, "ನಿಂಗೇನನ್ಸತ್ತೆ?" ಅಂದೆ.

ಮೆಂತ್ಯದ ಕಟ್ಟು ಅವಳ ಕೈಯಲ್ಲೇ ನಿಂತಿತು. "ಅದ್ ಗೊತ್ತಿದ್ರೆ ನಿಮ್ಮನ್ಯಾಕ್ ಕೇಳ್ತಿದ್ದೆ?"

ಕೇಳ್ತಿದ್ದೆ. ಆ ಪದ ಇಡೀ ದಿನ ನನ್ನ ಬೆನ್ನು ಬಿಡಲಿಲ್ಲ. ಫೆಡರೇಷನ್ನಿನವರು ಎಂಟು ಸಾಮರ್ಥ್ಯಗಳನ್ನು ಪಟ್ಟಿ ಮಾಡಿದ್ದಾರೆ. ಆರನೆಯದು ಕಿವಿಗೊಡುವುದು. ಪ್ರಶ್ನೆ ಹಾಕಿ ಒಳಗಿನದನ್ನು ಎಚ್ಚರಿಸುವುದು ಏಳನೆಯದು. ಎರಡು ಬೇರೆ ಅಧ್ಯಾಯ, ಎರಡಕ್ಕೂ ಬೇರೆ ಬೇರೆ ಟಿಪ್ಪಣಿ ಮಾಡಿಕೊಂಡು ಉರು ಹೊಡೆಯುತ್ತಿದ್ದೆ. ಕನ್ನಡಕ್ಕೆ ಈ ರಗಳೆಯೇ ಇಲ್ಲ. ಹಾಡು ಕೇಳುತ್ತೇವೆ, ದಾರಿ ಕೇಳುತ್ತೇವೆ, ಸಾಲ ಕೇಳುತ್ತೇವೆ. ಕಿವಿಯ ಕೆಲಸಕ್ಕೂ ಬಾಯಿಯ ಕೆಲಸಕ್ಕೂ ಒಂದೇ ಕ್ರಿಯಾಪದ. ಸರಿಯಾಗಿ ಕೇಳದವರು ಸರಿಯಾಗಿ ಕೇಳಲಾರರು ಎಂದರೆ ಕನ್ನಡಿಗರು ಯಾರೂ ಹುಬ್ಬೇರಿಸುವುದಿಲ್ಲ. ಇದನ್ನು 125 ಗಂಟೆ ಫೀಸು ಕಟ್ಟಿ ಕಲಿತೆನಲ್ಲ ಎಂದು ಹೊಟ್ಟೆ ಉರಿಯಿತು. ಉರಿದ ಹೊಟ್ಟೆಯಲ್ಲೇ ಅಜ್ಜಿ ನೆನಪಾದಳು.

ಅಜ್ಜಿ ಅರಕಲಗೂಡಿನ ಕಡೆಯವಳು. ಬೇಸಿಗೆ ರಜೆಯ ರಾತ್ರಿ ನಾವು ಏಳು ಮೊಮ್ಮಕ್ಕಳು ಜಗಲಿಯ ಮೇಲೆ ಚಾಪೆ ಹಾಸಿ ಬಿದ್ದುಕೊಂಡರೆ ಏಳು ಮಲ್ಲಿಗೆ ತೂಕದ ರಾಜಕುಮಾರಿಯ ಕಥೆ ಶುರು. ಷರತ್ತು ಒಂದೇ: ಯಾರಾದರೂ ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ರಾಜಕುಮಾರಿ ಬಾವಿಗೆ ಬಿದ್ದಿರಲಿ, ರಾಕ್ಷಸನ ಜುಟ್ಟು ಯಾರ ಕೈಗಾದರೂ ಸಿಕ್ಕಿರಲಿ, ಅಲ್ಲಲ್ಲೇ. ಬರೀ ಬಾಯಿಮಾತಿಗೆ ಹೂಂ ಅನ್ನುವವರನ್ನು ಹಿಡಿಯಲು ಅವಳದೊಂದು ಉಪಾಯವಿತ್ತು. ಕಥೆಯ ನಡುವೆ ದನಿ ಬದಲಿಸದೆ, "ಆಮೇಲೆ ರಾಜಕುಮಾರ ಒನಕೆಯನ್ನು ಮದುವೆಯಾದ" ಅನ್ನುವಳು. ನಿದ್ದೆಗಣ್ಣಲ್ಲಿ ಯಾರು ಹೂಂ ಅಂದರೋ ಅವರಿಗೆ ಬೆಳಿಗ್ಗೆ ಒನಕೆಯ ನೆಂಟರೆಂದೇ ಹೆಸರು. ಬಹಳ ಸಲ ಆ ನೆಂಟಳು ನಾನೇ.

ಆ ಒಂದಕ್ಷರಕ್ಕೆ ಎಷ್ಟು ಬಣ್ಣ! ಆಮೇಲೇನಾಯ್ತು ಎನ್ನುವ ಹೂಂ. ಪಾಪ ಎನ್ನುವ ಹೂಂ. ನಂಬಲಾರೆ, ಆದರೂ ಹೇಳು ಎನ್ನುವ ಎಳೆದ ಹೂಂ. ಹಿಂದೊಂದು ಊ ಸೇರಿದರೆ ಪೂರ್ತಿ ನಿರಾಕರಣೆ. ಕತ್ತಲಲ್ಲಿ ಮುಖ ಕಾಣದೆಯೂ ಅಜ್ಜಿಗೆ ಯಾವ ಹೂಂ ಯಾರದು, ಯಾರಿಗೆ ಭಯವಾಗಿದೆ, ಯಾರು ಅಳುತ್ತಿದ್ದಾರೆ ಗೊತ್ತಾಗುತ್ತಿತ್ತು. ಕಥೆಯನ್ನು ಅದಕ್ಕೆ ತಕ್ಕಂತೆ ತಿರುಗಿಸುತ್ತಿದ್ದಳು. ನಾವು ಅವಳನ್ನು ಕೇಳುತ್ತಿದ್ದೇವೆ ಅಂದುಕೊಂಡಿದ್ದೆವು. ಕೇಳುತ್ತಿದ್ದವಳು ಅವಳು.

ಕೊನೆಯ ವರ್ಷಗಳಲ್ಲಿ ಅಜ್ಜಿ ಬನಶಂಕರಿ ಎರಡನೇ ಹಂತದ ನಮ್ಮ ಆಗಿನ ಮನೆಗೆ ಬಂದಳು. ನಡುಮನೆಯಲ್ಲಿ ಟಿವಿ, ಅಡುಗೆಮನೆಯಲ್ಲಿ ಮಿಕ್ಸಿ, ನನಗೆ ಬೆಳಿಗ್ಗೆ ಬಸ್ಸಿನ ಅವಸರ, ಸಂಜೆ ಸುಸ್ತು. ಅವಳು ಏನಾದರೂ ಹೇಳಲು ಬಾಯಿ ತೆರೆದರೆ ನನ್ನ ಬಳಿ ಸಲಹೆ ತಯಾರಿರುತ್ತಿತ್ತು. "ಮಾತ್ರೆ ತಗೊಂಡ್ಯಾ? ಮಲಕ್ಕೋ ಅಜ್ಜಿ." ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಅವಳ ಕೋಣೆಯಿಂದ ಮಾತು ಕೇಳಿಸಿತು. ಯಾರು ಬಂದಿದ್ದಾರೆ ಎಂದು ಬಾಗಿಲ ಸಂದಿಯಿಂದ ನೋಡಿದೆ. ಯಾರೂ ಇರಲಿಲ್ಲ. ಅಜ್ಜಿ ಮಂಚದ ಮೇಲೆ ಕೂತು ಗೋಡೆಯ ಕಡೆ ಮುಖ ಮಾಡಿ ಕಥೆ ಹೇಳುತ್ತಿದ್ದಳು. ಒಂದು ಮಾತು ಹೇಳುವಳು, ತಡೆಯುವಳು. ಆಮೇಲೆ ತಾನೇ, ಸಣ್ಣ ದನಿಯಲ್ಲಿ, ಮಕ್ಕಳ ದನಿಯಲ್ಲಿ, "ಹೂಂ" ಅನ್ನುವಳು. ಕಥೆ ಮುಂದುವರಿಯುವುದು.

ಒಳಗೆ ಹೋಗಬಹುದಿತ್ತು. ಮರುದಿನ ಆಫೀಸಿತ್ತು.

ಪರೀಕ್ಷೆಯ ದಿನ ಎದುರು ಮನೆಯವರು ನಿಂಬೆಹಣ್ಣಿನ ದೀಪವನ್ನು ತಾವೇ ಹಚ್ಚಿ ಬಂದು ಕುಂಕುಮ ಕೊಟ್ಟರು. ಇಟ್ಟುಕೊಂಡೇ ಹೋದೆ. ಪರೀಕ್ಷಾ ಕೇಂದ್ರದಲ್ಲಿ ಉಸಿರು ಕೇಳಿಸುವಷ್ಟು ನಿಶ್ಶಬ್ದ, ತುಟಿ ಅಲ್ಲಾಡಿಸುವಂತಿಲ್ಲ. ನಲವತ್ತೋ ನಲವತ್ತೊಂದನೆಯದೋ ಪ್ರಸಂಗ: ಮಾತಾಡುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿ ಸುಮ್ಮನಾಗುತ್ತಾರೆ. ನೀವೇನು ಮಾಡುತ್ತೀರಿ? ನಾಲ್ಕು ಉತ್ತರಗಳನ್ನೂ ಓದಿದೆ. ಓದುತ್ತ ಓದುತ್ತ ನನಗೇ ತಿಳಿಯದೆ ಗಟ್ಟಿಯಾಗಿ "ಹೂಂ" ಅಂದುಬಿಟ್ಟೆ.

ಮೇಲ್ವಿಚಾರಣೆಯ ಹುಡುಗಿ ಓಡಿಬಂದು ಬಗ್ಗಿ ಪಿಸುಗುಟ್ಟಿದಳು: "ಮೇಡಂ, ಏನಾದ್ರೂ ಕೇಳೋದಿತ್ತಾ?"

ಊಹೂಂ ಎಂದು ತಲೆಯಾಡಿಸಿದೆ.