ನಾರ್ವದಲ್ಲಿ ಒಂದು ಸ್ಟಿಕರ್ ಆಲ್ಬಮ್

ನಾರ್ವಕ್ಕೆ ವರ್ಗವಾಗಿದೆ ಎಂದು ತಿಳಿಸಿದಾಗ ನಮ್ಮ ಕುಟುಂಬದ ವಾಟ್ಸ್ಯಾಪ್ ಗ್ರೂಪಿನಲ್ಲಿ ಮೊದಲು ಬಂದ ಪ್ರಶ್ನೆ, "ನಾರ್ವೆಗಾ? ವೀಸಾ ಎಷ್ಟು ವರ್ಷದ್ದು?" ಎಂದು. ತಪ್ಪೇನಿಲ್ಲ. ನಮ್ಮವರಿಗೆ ಪರವೂರು ಎಂದರೆ ದಮ್ಮಾಮ್, ಜುಬೈಲ್, ದುಬೈ, ದೋಹಾ. ನಾನು ಹೋಗಬೇಕಾಗಿದ್ದ ನಾರ್ವ ಇರುವುದು ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿ. ಮಂಗಳೂರಿನಿಂದ ರಾಯಚೂರಿಗೆ ರಾತ್ರಿ ಬಸ್ಸು. ಅಲ್ಲಿಂದ ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡುತ್ತಾ ಕೃಷ್ಣೆಯ ಸೇತುವೆ ದಾಟಿದರೆ ಮಕ್ತಲ್. ಮಕ್ತಲ್‌ನಿಂದ ಇನ್ನೊಂದು ಬಸ್ಸು. ನನ್ನದು ಬ್ಯಾಂಕಿನ ಕೆಲಸ, ಕಳಿಸಿದ ಕಡೆಗೆ ಹೋಗುವುದೇ.

2022ರ ಜೂನ್‌ನಲ್ಲಿ ಹೆಂಡತಿ ಮತ್ತು ಹತ್ತು ವರ್ಷದ ಮಗನನ್ನು ಕರೆದುಕೊಂಡೇ ಹೊರಟೆ. ಇದು ಮನೆಯಲ್ಲಿ ಹಲವರಿಗೆ ಇಷ್ಟವಿರಲಿಲ್ಲ. "ಹುಡುಗನನ್ನು ಫರಂಗಿಪೇಟೆಯಲ್ಲೇ ಬಿಡು, ನೀನು ತಿಂಗಳಿಗೊಮ್ಮೆ ಬಂದು ಹೋಗು" ಎಂದರು ಮಾವ. ಉಮ್ಮನದ್ದೂ ಅದೇ ಮಾತು. ಅವರ ದೃಷ್ಟಿಯಲ್ಲಿ ಅದರಲ್ಲಿ ವಿಶೇಷವೇನೂ ಇಲ್ಲ. ನನ್ನ ಉಪ್ಪ 19 ವರ್ಷ ದಮ್ಮಾಮ್‌ನಲ್ಲಿ ದುಡಿದವರು, ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಯಲ್ಲಿ ಬರುತ್ತಿದ್ದರು. ನಮ್ಮ ಬೀದಿಯ ಅರ್ಧ ಮಕ್ಕಳು ಬೆಳೆದದ್ದೇ ಹಾಗೆ. ಆದರೆ ನನಗೆ ಬೇಡವಾಗಿತ್ತು. ಕೊನೆಗೆ ಒಂದು ಒಪ್ಪಂದವಾಯಿತು: ದಸರಾ ರಜೆಯವರೆಗೆ ನೋಡುವುದು, ಮಗ ಹೊಂದಿಕೊಳ್ಳದಿದ್ದರೆ ಅವನನ್ನು ಉಮ್ಮನ ಬಳಿ ಬಿಡುವುದು.

ಮೊದಲ ಎರಡು ತಿಂಗಳು ಅವನು ಹೊಂದಿಕೊಳ್ಳಲಿಲ್ಲ. ಮನೆಯಲ್ಲಿ ನಾವು ಬ್ಯಾರಿ ಆಡುವವರು, ಹೊರಗೆ ಅವನಿಗೆ ಬರುತ್ತಿದ್ದದ್ದು ಕನ್ನಡ, ಸ್ವಲ್ಪ ತುಳು. ಅಲ್ಲಿ ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ತೆಲುಗು, ಪಕ್ಕದ ಮನೆಯವರದ್ದು ದಖನಿ ಉರ್ದು. ತಮಾಷೆಯೆಂದರೆ ಅವನಿಗೆ ತೆಲುಗು ಅಕ್ಷರ ಓದಲು ಬರುತ್ತಿತ್ತು. ಕನ್ನಡದ ಲಿಪಿಗೂ ಅದಕ್ಕೂ ಅಷ್ಟು ಹೋಲಿಕೆ ಇದೆಯಲ್ಲ. ಅಂಗಡಿ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದ, ಅರ್ಥ ಮಾತ್ರ ಗೊತ್ತಿಲ್ಲ. ಶಾಲೆಯಿಂದ ಬಂದವನು ಯಾರೊಂದಿಗೂ ಆಡದೆ ಮೊಬೈಲ್ ಹಿಡಿದು ಕುಳಿತುಬಿಡುತ್ತಿದ್ದ.

ಆ ವರ್ಷ ಕತಾರ್‌ನಲ್ಲಿ ಫುಟ್‌ಬಾಲ್ ವಿಶ್ವಕಪ್. ದೋಹಾದಲ್ಲಿರುವ ಅವನ ಮಾಮ ಊರಿಗೆ ಬರುವವರೊಬ್ಬರ ಕೈಯಲ್ಲಿ ಪನಿನಿ ಆಲ್ಬಮ್ ಮತ್ತು 60 ಪ್ಯಾಕೆಟ್ ಸ್ಟಿಕರ್ ಕಳಿಸಿದರು. ಸೆಪ್ಟೆಂಬರ್‌ನಲ್ಲಿ ಮಂಗಳೂರಿನಿಂದ ಕೊರಿಯರ್ ಮೂಲಕ ನಮ್ಮ ಕೈ ಸೇರಿತು. 32 ತಂಡ, 670 ಖಾಲಿ ಚೌಕ. ಒಂದೊಂದು ಪ್ಯಾಕೆಟ್‌ನಲ್ಲಿ ಐದು ಸ್ಟಿಕರ್. ಯಾವ ಪ್ಯಾಕೆಟ್‌ನಲ್ಲಿ ಯಾರಿದ್ದಾರೆ ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಈ ಪನಿನಿಯವರು ಇಟಲಿಯ ಮೊಡೆನಾ ಪಟ್ಟಣದಲ್ಲಿ ಪತ್ರಿಕೆ ಮಾರುತ್ತಿದ್ದ ಅಣ್ಣತಮ್ಮಂದಿರು. 1961ರಲ್ಲಿ ಇಟಲಿಯ ಆಟಗಾರರ ಆಲ್ಬಮ್ ತಂದರು, 1970ರ ಮೆಕ್ಸಿಕೋ ವಿಶ್ವಕಪ್‌ನಿಂದ ವಿಶ್ವಕಪ್ ಆಲ್ಬಮ್ ಶುರುವಾಯಿತು. ಮೊದಮೊದಲು ಅಂಟು ಹಚ್ಚಿ ಅಂಟಿಸಬೇಕಿತ್ತಂತೆ. ಸ್ಟಿಕರ್‌ಗಳನ್ನು ಬೆರೆಸಿ ಪ್ಯಾಕೆಟ್‌ಗೆ ತುಂಬಲು ಉಂಬರ್ತೊ ಪನಿನಿ ಎಂಬ ತಮ್ಮ ಒಂದು ಯಂತ್ರವನ್ನೇ ಮಾಡಿದ, ಒಂದೇ ಪ್ಯಾಕೆಟ್‌ನಲ್ಲಿ ಒಬ್ಬನೇ ಎರಡು ಸಲ ಬರಬಾರದೆಂದು. ಆದರೆ ಎರಡು ಬೇರೆ ಪ್ಯಾಕೆಟ್‌ಗಳಲ್ಲಿ ಒಬ್ಬನೇ ಬರುವುದನ್ನು ಯಾವ ಯಂತ್ರವೂ ತಡೆಯದು. ತಡೆದರೆ ಅವರ ವ್ಯಾಪಾರ ನಡೆಯುವುದು ಹೇಗೆ?

ಮೊದಲ 300 ಸ್ಟಿಕರ್‌ಗಳಲ್ಲಿ ನಮಗೆ 243 ಹೊಸತು ಸಿಕ್ಕವು, 57 ಡಬಲ್. ಮಗ ಖುಷಿಯಲ್ಲಿ, "ಉಪ್ಪಾ, ಇನ್ನು 427 ತಾನೇ, 90 ಪ್ಯಾಕೆಟ್ ತಂದರೆ ಮುಗೀತು" ಎಂದ. ಬ್ಯಾಂಕಿನವನಾದ ನಾನು ಕಾಗದ ತೆಗೆದುಕೊಂಡು ಕುಳಿತೆ. ಆಲ್ಬಮ್ ತುಂಬುತ್ತಾ ಹೋದಂತೆ ಹೊಸತು ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ. ಕೊನೆಗೆ ಒಂದೇ ಚೌಕ ಖಾಲಿ ಉಳಿದಾಗ ಅದೊಂದಕ್ಕೇ ಸರಾಸರಿ 670 ಸ್ಟಿಕರ್, ಎಂದರೆ 134 ಪ್ಯಾಕೆಟ್ ಒಡೆಯಬೇಕು. ಯಾರೊಂದಿಗೂ ಬದಲಾಯಿಸಿಕೊಳ್ಳದೆ ಒಬ್ಬನೇ ಪೂರ್ತಿ ಮಾಡುತ್ತೇನೆಂದರೆ ಸುಮಾರು 4,700 ಸ್ಟಿಕರ್ ಬೇಕು. ಅದರಲ್ಲಿ ಮೊದಲ 620 ಚೌಕಗಳಿಗೆ ಸುಮಾರು 1,700 ಸಾಕು, ಉಳಿದ ಮೂರು ಸಾವಿರ ಹೋಗುವುದು ಕೊನೆಯ 50 ಚೌಕಗಳಿಗೆ! ಇದು ನಾನೊಬ್ಬನೇ ಹಾಕಿದ ಲೆಕ್ಕವಲ್ಲ. ಕಾರ್ಡಿಫ್ ವಿಶ್ವವಿದ್ಯಾಲಯದ ಗಣಿತಜ್ಞ ಪಾಲ್ ಹಾರ್ಪರ್ 2018ರ ಆಲ್ಬಮ್‌ಗೆ ಇದೇ ರೀತಿ ಲೆಕ್ಕ ಮಾಡಿ 967 ಪ್ಯಾಕೆಟ್, 773 ಪೌಂಡ್ ಎಂದಿದ್ದರು. ಹತ್ತು ಮಕ್ಕಳು ಸೇರಿ ಡಬಲ್‌ಗಳನ್ನು ಬದಲಾಯಿಸಿಕೊಂಡರೆ ತಲಾ ಖರ್ಚು ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ.

ನಾರ್ವದಲ್ಲಿ ಆ ಹತ್ತು ಮಕ್ಕಳನ್ನು ಎಲ್ಲಿಂದ ತರುವುದು? ದೋಹಾದಲ್ಲೋ ಜುಬೈಲ್‌ನಲ್ಲೋ ಆದರೆ ಒಂದೇ ಕಟ್ಟಡದಲ್ಲಿ ಇಪ್ಪತ್ತು ಆಲ್ಬಮ್ ಇರುತ್ತವೆ, ಮಕ್ಕಳು ಲಿಫ್ಟ್‌ನಲ್ಲೇ ವ್ಯಾಪಾರ ಮುಗಿಸುತ್ತಾರೆ. ಇಲ್ಲಿ ಇರುವುದು ಒಂದೇ ಆಲ್ಬಮ್, ಅದು ನಮ್ಮ ಮನೆಯದ್ದು.

ನನ್ನ ಬಾಲ್ಯದಲ್ಲಿ ಈ ತೊಂದರೆ ಇರಲಿಲ್ಲ. 1987ರಲ್ಲಿ ನಮ್ಮ ದೇಶದಲ್ಲಿ ರಿಲಯನ್ಸ್ ಕಪ್ ನಡೆದಾಗ ಬಿಗ್ ಫನ್ ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ ಬರುತ್ತಿತ್ತು, ಅದರಲ್ಲಿ ರನ್ನು, ವಿಕೆಟು ಅಂತ ಅಚ್ಚಾಗಿರುತ್ತಿತ್ತು. ಇಂತಿಷ್ಟು ರನ್ನು ಕೂಡಿಸಿ ಅಂಗಡಿಗೆ ಕೊಟ್ಟರೆ ಪುಟ್ಟ ಪುಸ್ತಕ. ಅದರ ಪುಟಗಳನ್ನು ಹೆಬ್ಬೆರಳಿನಿಂದ ಸರಸರ ಬಿಟ್ಟರೆ ಆಟಗಾರ ಬ್ಯಾಟು ಬೀಸಿದಂತೆ ಕಾಣುತ್ತಿತ್ತು. ಫರಂಗಿಪೇಟೆಯ ನಮ್ಮ ಓಣಿಯಲ್ಲಿ ಎಲ್ಲರ ಜೇಬಿನಲ್ಲೂ ಇವೇ. ಉಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರೆ ನಾವು ಜಗಲಿಯಲ್ಲಿ ರನ್ನು ಎಣಿಸುತ್ತಿದ್ದೆವು. ಉಪ್ಪನಿಗೆ ಬರೆದ ಪತ್ರದೊಳಗೆ ಒಂದು ಕಪಿಲ್ ದೇವ್ ಚಿತ್ರವನ್ನೂ ಇಟ್ಟು ದಮ್ಮಾಮ್‌ಗೆ ಕಳಿಸಿದ್ದೆ, ಡಬಲ್ ಅಲ್ಲ, ಇದ್ದ ಒಂದನ್ನೇ. ಒಂದೂವರೆ ತಿಂಗಳ ನಂತರ ಉತ್ತರ ಬಂತು. ಅದರಲ್ಲಿ ಲೆಕ್ಕದಲ್ಲಿ ಎಷ್ಟು ಮಾರ್ಕು ಎಂದು ಕೇಳಿದ್ದರು. ಕಪಿಲ್ ದೇವ್ ಬಗ್ಗೆ ಒಂದಕ್ಷರ ಇರಲಿಲ್ಲ. ಅಷ್ಟರಲ್ಲಿ ಮುಂಬೈಯ ಸೆಮಿಫೈನಲ್‌ನಲ್ಲಿ ಗೂಚ್ ಸ್ವೀಪ್ ಹೊಡೆದು ಹೊಡೆದು ನಮ್ಮನ್ನು ಸೋಲಿಸಿಯೂ ಆಗಿತ್ತು.

ಕೆನಡಾದಲ್ಲಿರುವ ನನ್ನ ಚಿಕ್ಕಪ್ಪನ ಮಗ ಹೇಳುತ್ತಾನೆ, ಅಲ್ಲಿಯೂ ಈ ಹುಚ್ಚು ಬೆಳೆದದ್ದು ಗಮ್ ಮಾರುವವರಿಂದಲೇ ಎಂದು. ಅಲ್ಲಿಯದು ಮಂಜುಗಡ್ಡೆಯ ಮೇಲೆ ಆಡುವ ಹಾಕಿ. ಓ-ಪೀ-ಚೀ ಎಂಬ ಗಮ್ ಕಂಪನಿ 1979ರಲ್ಲಿ ತಂದ ವೇಯ್ನ್ ಗ್ರೆಟ್ಸ್ಕಿಯ ಮೊದಲ ಕಾರ್ಡಿನ ಒಂದು ಪ್ರತಿ 2021ರಲ್ಲಿ 37.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ನಮ್ಮ ಹಾಕಿಯವರ ಕಾರ್ಡ್ ನಾನು ಚಿಕ್ಕಂದಿನಲ್ಲಿ ಒಂದನ್ನೂ ಕಂಡಿಲ್ಲ. 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಮೊಹಮ್ಮದ್ ಶಾಹಿದ್, ನಮ್ಮ ಕೊಡಗಿನ ಎಂ.ಎಂ. ಸೋಮಯ್ಯ ಇವರನ್ನೆಲ್ಲ ಹಳೆಯ ಪೇಪರಿನಿಂದ ಕತ್ತರಿಸಿ ಅನ್ನದ ಅಗುಳಿನಲ್ಲಿ ನೋಟ್ಸ್ ಪುಸ್ತಕಕ್ಕೆ ಅಂಟಿಸಿದ್ದೆವು. ಅದಕ್ಕೆ ಡಾಲರ್ ಕೊಡುವವರು ಯಾರೂ ಇಲ್ಲ, ಗೆದ್ದಲು ತಿಂದು ಮುಗಿಸಿದೆ.

ಈ ಕಥೆಯನ್ನು ಮಗನಿಗೆ ಹೇಳಿದ್ದೆ. ಅದರಿಂದಲೋ ಏನೋ, ಸೆಪ್ಟೆಂಬರ್ ಕೊನೆಯ ಒಂದು ಸಂಜೆ ನಾನು ಬ್ಯಾಂಕಿನಿಂದ ಬರುವಾಗ ನಮ್ಮ ಮೆಟ್ಟಿಲಿನ ಮೇಲೆ ಅವನ ಜೊತೆ ಕಿರಾಣಿ ಅಂಗಡಿಯವರ ಮಗ ಕುಳಿತಿದ್ದ. ಮಧ್ಯದಲ್ಲಿ ಒಂದು ಉದ್ದನೆಯ ಲೆಕ್ಕದ ಪುಸ್ತಕ. ಮಗ ಅದರಲ್ಲಿ ಸ್ಕೇಲಿನಿಂದ ಗೆರೆ ಎಳೆದು 32 ತಂಡಗಳ ಪುಟ ಮಾಡಿ, ತನ್ನ ಡಬಲ್‌ಗಳನ್ನು ಅವನಿಗೆ ಅಂಟಿಸಿ ಕೊಡುತ್ತಿದ್ದ. ಬದಲಿಗೆ ಆ ಹುಡುಗ ಕೊಟ್ಟದ್ದು ತನ್ನ ಕುಸ್ತಿಪಟುಗಳ ಟ್ರಂಪ್ ಕಾರ್ಡುಗಳು, ಒಂದಿಷ್ಟು ಕ್ರಿಕೆಟ್ ಕಾರ್ಡುಗಳು. ದರ ಅವರೇ ಮಾಡಿಕೊಂಡಿದ್ದರು: ಒಬ್ಬ ಆಟಗಾರನಿಗೆ ಒಂದು ಕಾರ್ಡು, ಮಿಂಚುವ ಲಾಂಛನಕ್ಕೆ ಐದು. ಸೆನೆಗಲ್‌ನ ಸಾಡಿಯೊ ಮಾನೆಗೆ ಎಂಟು ಕೇಳಿದನಂತೆ ನನ್ನ ಮಗ. ಪಾಪ, ಆ ಮಾನೆ ಗಾಯದಿಂದಾಗಿ ವಿಶ್ವಕಪ್ ಆಡಲೇ ಇಲ್ಲ. ತಂಡಗಳು ಪ್ರಕಟವಾಗುವ ಮೊದಲೇ ಆಲ್ಬಮ್ ಅಚ್ಚಾಗುವುದರಿಂದ ಹೀಗೆ ಆಗುತ್ತದೆ. ಎಂಟು ಕಾರ್ಡು ವಾಪಸ್ ಕೊಡು ಎಂದು ಆ ಹುಡುಗ ನವೆಂಬರ್‌ನಲ್ಲಿ ಬಂದು ಜಗಳ ತೆಗೆದ.

ಸ್ಟಿಕರ್ ಬದಲಾಯಿಸುವ ಮಕ್ಕಳು ಎಲ್ಲ ಕಡೆಯೂ ಒಂದೇ ಮಂತ್ರ ಹೇಳುತ್ತಾರೆ: ಒಬ್ಬ ತನ್ನ ಕಟ್ಟನ್ನು ಒಂದೊಂದಾಗಿ ತೋರಿಸುತ್ತಾ ಹೋಗುವುದು, ಇನ್ನೊಬ್ಬ ಇದೆ, ಇದೆ, ಇಲ್ಲ ಎನ್ನುವುದು. ನಮ್ಮ ಮೆಟ್ಟಿಲಿನ ಮೇಲೆ ಅದು "ಉಂದಿ, ಉಂದಿ, ಲೇದು" ಎಂದಾಯಿತು. ಪಕ್ಕದ ಮನೆಯ ಹುಡುಗರು ಸೇರಿಕೊಂಡ ಮೇಲೆ "ಹೈ, ಹೈ, ನೈ". ಬೇಡದ ಸ್ಟಿಕರ್ ಮುಂದೆ ಮಾಡಿದರೆ "ನಕ್ಕೋ!" ಇವೇ ನನ್ನ ಮಗ ಕಲಿತ ಮೊದಲ ತೆಲುಗು, ಮೊದಲ ದಖನಿ. ಸ್ಟಿಕರ್ ಹಿಂದಿನ ನಂಬರುಗಳನ್ನು ಆ ಹುಡುಗ ತೆಲುಗಿನಲ್ಲೇ ಕೂಗುತ್ತಿದ್ದ. ಶಾಲೆಯ ಟೀಚರ್ ಮೂರು ತಿಂಗಳಲ್ಲಿ ಕಲಿಸಲಾಗದ ಎಣಿಕೆ ಹತ್ತು ದಿನದಲ್ಲಿ ಬಂತು.

ಬತುಕಮ್ಮ, ದಸರಾ ರಜೆಗೆ ಊರಿಗೆ ಹೋದೆವು. ಮಾವ ಮಾತು ಮರೆತಿರಲಿಲ್ಲ. ಊಟವಾದ ಮೇಲೆ ಎಲ್ಲರ ಎದುರಿಗೇ ಮಗನನ್ನು ಕರೆದು, "ಮೋನು, ಇಲ್ಲೇ ಇರುತ್ತೀಯಾ? ನಿನ್ನ ಹಳೆಯ ಶಾಲೆಗೇ ಸೇರಿಸೋಣ" ಎಂದರು. ನಾನೂ ಹೆಂಡತಿಯೂ ಸುಮ್ಮನೆ ಕುಳಿತಿದ್ದೆವು, ಮಾತು ಕೊಟ್ಟಾಗಿತ್ತಲ್ಲ. ಮಗ ಸ್ವಲ್ಪ ಯೋಚಿಸಿ, "ಆಗಲ್ಲ ಅಜ್ಜ, ಅವನ ಪುಸ್ತಕದಲ್ಲಿ ಘಾನಾ ಒಂದೂ ಇಲ್ಲ" ಎಂದ. ಮಾವನಿಗೆ ತಲೆಬುಡ ಅರ್ಥವಾಗಲಿಲ್ಲ. ಯಾರ ಪುಸ್ತಕ, ಘಾನಾ ಯಾಕೆ ಎಂದು ನನ್ನನ್ನು ಕೇಳಿದರು. ಹೇಳಿದೆ. "ಹಾಗಾದರೆ ಸರಿ" ಎಂದು ವೀಳ್ಯದೆಲೆ ತಟ್ಟೆ ಎಳೆದುಕೊಂಡರು. ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಆ ರಜೆಯಲ್ಲೇ ದೋಹಾದಿಂದ ಇನ್ನೂ 100 ಪ್ಯಾಕೆಟ್ ಬಂದಿದ್ದವು. ಒಟ್ಟು 800 ಸ್ಟಿಕರ್ ಆದಾಗ ನಮ್ಮ ಆಲ್ಬಮ್‌ನಲ್ಲಿ 467, ಡಬ್ಬಿಯಲ್ಲಿ 333 ಡಬಲ್. ಘಾನಾದವರು ಆರು ಜನ ಡಬಲ್ ಸಿಕ್ಕಿದ್ದರು, ಅವರನ್ನು ಬೇರೆ ಲಕೋಟೆಯಲ್ಲಿ ಇಟ್ಟುಕೊಂಡೇ ಬಸ್ಸು ಹತ್ತಿದ. ಉಳಿದದ್ದನ್ನು ಕುಟುಂಬದ ಗ್ರೂಪಿಗೆ ಹಾಕಿದೆ: ಬೇಕಾದವು ಇವು, ಹೆಚ್ಚಿರುವವು ಇವು. ಅದುವರೆಗೆ ಶುಭೋದಯದ ಚಿತ್ರಗಳು, ಮದುವೆ ಕಾಗದಗಳು ಮಾತ್ರ ಬರುತ್ತಿದ್ದ ಗ್ರೂಪು ಅದು. ಜುಬೈಲ್, ಶಾರ್ಜಾ, ಬೆಂಗಳೂರಿನ ಮಕ್ಕಳೆಲ್ಲ ಎದ್ದು ಕುಳಿತರು. ಯಾರೋ ಊರಿಗೆ ಬರುವವರ ಸೂಟ್‌ಕೇಸಿನಲ್ಲಿ ಟ್ಯಾಂಗ್ ಪುಡಿ, ಖರ್ಜೂರದ ನಡುವೆ ಒಂದು ಲಕೋಟೆ. ವಾಪಸ್ ಹೋಗುವವರ ಕೈಯಲ್ಲಿ ಬಾಳೆಕಾಯಿ ಚಿಪ್ಸ್, ಹಪ್ಪಳದ ನಡುವೆ ಇನ್ನೊಂದು. ಒಂದು ಲಕೋಟೆ ಮಾತ್ರ ಎಲ್ಲೋ ಕಳೆದುಹೋಯಿತು, 18 ಸ್ಟಿಕರ್. ಯಾರ ಸೂಟ್‌ಕೇಸಿನಲ್ಲಿತ್ತು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಮೊರಾಕೊ ಸೆಮಿಫೈನಲ್ ತಲುಪಿದ ರಾತ್ರಿ ನಮ್ಮ ಬಾಡಿಗೆ ಮನೆಯಲ್ಲಿ ಒಂಬತ್ತು ಮಕ್ಕಳಿದ್ದರು. ಆಫ್ರಿಕಾದ ಯಾವ ತಂಡವೂ ಅದುವರೆಗೆ ಅಷ್ಟು ದೂರ ಬಂದಿರಲಿಲ್ಲ ಎಂದು ಟಿವಿಯಲ್ಲಿ ಹೇಳಿದ್ದನ್ನು ಮಗ ತೆಲುಗಿನಲ್ಲಿ ಎಲ್ಲರಿಗೂ ವಿವರಿಸುತ್ತಿದ್ದ. ತಪ್ಪು ತಪ್ಪು ತೆಲುಗು, ಆದರೆ ಯಾರೂ ನಗಲಿಲ್ಲ. ಹೆಂಡತಿ ಒಳಗಿನಿಂದ ಚಹಾ ತಂದು, ಇವರಿಗೆಲ್ಲ ಈಗ ಏನು ತಿನ್ನಲು ಕೊಡುವುದು ಎಂದು ನನ್ನ ಮುಖ ನೋಡಿದಳು.

ಹುಡುಗನನ್ನು ಹೀಗೆ ಊರೂರು ಅಲೆದಾಡಿಸುವುದು ಸರಿಯಾ ಎಂದು ಈಗಲೂ ಕೆಲವರು ಕೇಳುತ್ತಾರೆ. 2024ರಲ್ಲಿ ನನಗೆ ಮತ್ತೆ ವರ್ಗವಾಯಿತು, ಈ ಸಲ ಕರ್ನಾಟಕಕ್ಕೇ. ಹೊರಡುವ ಹಿಂದಿನ ದಿನ ಇಬ್ಬರೂ ಮೆಟ್ಟಿಲಿನ ಮೇಲೆ ಕುಳಿತು ಡಬ್ಬಿ ಸುರಿದು ಪಾಲು ಮಾಡಿಕೊಂಡರು. ಮಗ ಅವತ್ತು ರಾತ್ರಿ ಊಟ ಮಾಡಲಿಲ್ಲ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಸಂಬಳ ಬರುವ ಕಡೆಗೆ ಹೋಗುತ್ತೇವೆ, ಮಕ್ಕಳು ಹಿಂದೆ ಬರುತ್ತಾರೆ ಅಥವಾ ಬರುವುದಿಲ್ಲ. ಉಪ್ಪ ಒಂದು ಆರಿಸಿಕೊಂಡರು, ನಾನು ಇನ್ನೊಂದು.

ಆಲ್ಬಮ್‌ನಲ್ಲಿ ಈಗ 648 ತುಂಬಿವೆ, 22 ಖಾಲಿ. ನಾರ್ವದ ಆ ಹುಡುಗನ ಲೆಕ್ಕದ ಪುಸ್ತಕದಲ್ಲಿ 300ರ ಹತ್ತಿರ ಇರಬೇಕು, ವಾರಕ್ಕೊಮ್ಮೆ ವಿಡಿಯೊ ಕಾಲ್‌ನಲ್ಲಿ ಪುಟ ತಿರುಗಿಸಿ ತೋರಿಸುತ್ತಾನೆ. 2022ರ ಸ್ಟಿಕರ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಇದನ್ನು ಓದುವವರಲ್ಲಿ ಕತಾರ್, ಸೌದಿ, ದುಬೈಯಲ್ಲಿದ್ದವರ ಮನೆಯ ಯಾವುದಾದರೂ ಡಬ್ಬಿಯಲ್ಲಿ ಹಳೆಯ ಡಬಲ್‌ಗಳು ಉಳಿದಿದ್ದರೆ ಎಸೆಯಬೇಡಿ, ಊರಿಗೆ ಬರುವವರ ಕೈಯಲ್ಲಿ ಕಳಿಸಿ. ಯಾವುದಾದರೂ ಸರಿ. ನಮಗೆ ಬೇಡದ್ದು ನಾರ್ವಕ್ಕೆ ಹೋಗುತ್ತದೆ. ಘಾನಾ ಇದ್ದರೆ ಮೊದಲು ಹೇಳಿ.