ಡಯಲ್ ಕರ್ರಗಿರಬೇಕಂತೆ

ಎಚ್‌ಎಂಟಿ ವಾಚು ಅಂದ ಕೂಡಲೇ ಗದ್ಗದರಾಗುವವರನ್ನು ಕಂಡರೆ ನನಗೆ ಮೊದಲು ಬರುವುದು ಸಿಟ್ಟು. ಅವರಲ್ಲಿ ಬಹಳ ಮಂದಿ ಆ ವಾಚನ್ನು ಬೀರುವಿನ ಮೂಲೆಗೆ ತಳ್ಳಿ ಮರೆತೇಬಿಟ್ಟಿದ್ದವರು. 2014ರಲ್ಲಿ ಕಾರ್ಖಾನೆ ಮುಚ್ಚುತ್ತದಂತೆ ಎಂಬ ಸುದ್ದಿ ಬಂದದ್ದೇ ತಡ, ಉಳಿದಬಳಿದ ವಾಚುಗಳಿಗೆ ಮುಗಿಬಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಮುಚ್ಚಲು ಒಪ್ಪಿಗೆ ಕೊಟ್ಟಾಗ ಎಲ್ಲಿ ನೋಡಿದರೂ ಅಪ್ಪನ ಕೈಗಡಿಯಾರದ ಕಥೆ. ಅಪ್ಪನ ಆ ಗಡಿಯಾರಕ್ಕೆ ತಾವು ಕಡೆಯದಾಗಿ ಕೀ ಕೊಟ್ಟದ್ದು ಯಾವಾಗ ಅಂತ ಮಾತ್ರ ಒಬ್ಬರೂ ಬರೆಯಲಿಲ್ಲ.

ಈಗ ಇದೆಲ್ಲ ಕೆದಕಿದ್ದು ನಮ್ಮ ಮೇಲಿನ ಮನೆಯ ಹುಡುಗ. ಸಾಫ್ಟ್‌ವೇರಿನವನು, ಒಳ್ಳೆಯವನು, ಲಿಫ್ಟ್ ಕೆಟ್ಟ ದಿನ ನನ್ನ ತರಕಾರಿ ಚೀಲ ಹೊತ್ತು ತರುತ್ತಾನೆ. ಆನ್‌ಲೈನಿನಲ್ಲಿ ಹಳೆಯ ಎಚ್‌ಎಂಟಿ ಪೈಲಟ್ ತರಿಸಿಕೊಂಡು ಕೆಳಗೆ ಬಂದ. "ಅಂಕಲ್, ನೀವು ಚಿಕ್ಕೋರಿದ್ದಾಗ ವಾಚ್ ಅಂಗಡೀಲಿ ಇದ್ರಂತೆ. ಇದು ಒರಿಜಿನಲ್ಲಾ ಹೇಳಿ."

ಡಯಲ್ಲು ಅರಿಶಿನದ ಬಣ್ಣ. ನನ್ನ ಕೈಯಲ್ಲಿ ಹಾದುಹೋದ ಪೈಲಟ್ಟುಗಳು ಕಪ್ಪು, ಇಲ್ಲವೇ ಬಿಳಿ. ಇಂಥ ಹಳದಿಯನ್ನು ನಾನು ನೋಡಿದವನಲ್ಲ. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಸ್ಕ್ರೂಗಳೇ ಒಂದೊಂದು ತರ. ಎರಡು ಮೂರು ಸತ್ತ ವಾಚುಗಳಿಂದ ಒಂದು ಬದುಕಿದ ವಾಚು ಮಾಡಿದ್ದಾರೆ. ಮುಚ್ಚಳದ ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಒಂದು ಗೀರಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನ ಮುಖ ಸ್ವಲ್ಪ ಇಳಿಯಿತು. ಆಮೇಲೆ ಕೇಳಿದ: "ಬೇರೆಯವರಿಗೆ ಗೊತ್ತಾಗುತ್ತಾ?"

ಗೊತ್ತಾಗಲ್ಲ ಬಿಡಪ್ಪ ಎಂದೆ. ಆದರೆ ಗೀರು ಯಾಕೆ ಇರಬೇಕಿತ್ತು ಅನ್ನುವುದನ್ನು ಅವನಿಗೆ ಹೇಳಲು ಹೊರಟರೆ ಅವೆನ್ಯೂ ರೋಡಿನಿಂದಲೇ ಶುರು ಮಾಡಬೇಕಾಗುತ್ತಿತ್ತು.

ಎಪ್ಪತ್ತರ ದಶಕದಲ್ಲಿ ಅವೆನ್ಯೂ ರೋಡಿನಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ, ಜವಳಿ ಅಂಗಡಿಯೊಂದರ ಮೆಟ್ಟಿಲ ಕೆಳಗೆ ನಮ್ಮ ಉಸ್ತಾದರು ಕೂರುತ್ತಿದ್ದರು. ಅಂಗಡಿ ಅಂದರೆ ಒಂದು ಮೇಜು, ಮೇಜಿನ ಮೇಲೊಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು. ಅವರಿಗೆ ಉರ್ದು ಬಿಟ್ಟರೆ ಬೇರೆ ಓದು ಬರಹ ಬರದು. ಹೈಸ್ಕೂಲು ಮುಗಿಸಿಕೊಂಡು ಸಂಜೆ ಬರುತ್ತಿದ್ದ ನನ್ನ ಕೆಲಸ ಚೀಟಿ ಬರೆಯುವುದು: ಗಿರಾಕಿಯ ಹೆಸರು, ವಾಚಿನ ಹೆಸರು, ಏನಾಗಿದೆ, ಯಾವತ್ತು ಕೊಡಬೇಕು. ಚೀಟಿಗೆ ದಾರ ಕಟ್ಟಿ ವಾಚಿಗೆ ಸಿಕ್ಕಿಸಿ ಮೊಳೆಗೆ ನೇತುಹಾಕುತ್ತಿದ್ದೆ. ಆಮೇಲೆ ಬ್ಯಾಂಕಿನ ಕೆಲಸ ಸಿಕ್ಕಿ ಹೋದರೂ ಸಂಬಳದ ದಿನ ಅಲ್ಲಿಗೊಂದು ಸುತ್ತು ಹಾಕದೆ ಮನೆಗೆ ಹೋದವನಲ್ಲ.

ಆ ಮೇಜಿನ ವಾಸನೆ ಈಗಲೂ ಮೂಗಿನಲ್ಲಿದೆ. ಸಣ್ಣ ಗಾಜಿನ ಬಟ್ಟಲಲ್ಲಿ ಪೆಟ್ರೋಲು, ಅದರಲ್ಲಿ ನೆನೆಯುವ ಗಾಲಿಗಳು. ಬೆಳಗ್ಗೆ ಹಚ್ಚಿದ ಲೋಬಾನದ ಹೊಗೆ ಮೆಟ್ಟಿಲ ಕೆಳಗೇ ಉಳಿದಿರುತ್ತಿತ್ತು. ಇವೆರಡರ ಮೇಲೆ ಬೆವರು ಕುಡಿದು ಕುಡಿದು ಕಪ್ಪಾದ ಚರ್ಮದ ಬೆಲ್ಟುಗಳ ಹುಳಿ ವಾಸನೆ. ಯಾರ ಬೆಲ್ಟು ಎಷ್ಟು ಹುಳಿ ಎಂಬುದರಿಂದಲೇ ಆತ ಎಂಥ ಕೆಲಸದವನು ಅಂತ ಉಸ್ತಾದರು ಹೇಳುತ್ತಿದ್ದರು. ಬಲಗಣ್ಣಿಗೆ ಐ ಗ್ಲಾಸ್ ಸಿಕ್ಕಿಸಿ ಚಿಮಟದಲ್ಲಿ ಬ್ಯಾಲೆನ್ಸ್ ಎತ್ತುವಾಗ ಉಸಿರು ಹಿಡಿಯುತ್ತಿದ್ದರು; ಪಕ್ಕದಲ್ಲಿ ನಾನೂ ಹಿಡಿಯುತ್ತಿದ್ದೆ. ಸಣ್ಣ ಗಾಲಿಗಳ ಮೊನೆಯನ್ನು ಬೆಂಡಿನ ತುಂಡಿಗೆ ಚುಚ್ಚಿ ತೆಗೆದು ಕೊಳೆ ಬಿಡಿಸಿ, ಹೊಂದಿಸಿ, ಎಣ್ಣೆ ಮುಟ್ಟಿಸಿ ಗಾಜಿನ ಲೋಟ ಕವುಚಿ ಇಡುವರು. ಜನತಾ ಅಂಥ ಕೀ ವಾಚು ಸೆಕೆಂಡಿಗೆ ಐದು ಬಡಿತ ಬಡಿಯುತ್ತದೆ. ಅದನ್ನು ಕಿವಿಯಿಂದಲೇ ಎಣಿಸಿ, ಸಂಜೆ ಆಕಾಶವಾಣಿಯ ಬೀಪಿಗೆ ಮುಳ್ಳು ಸರಿಮಾಡಿದ ಮೇಲೆ ಕಡೆಯ ಕೆಲಸ: ಸೂಜಿಯಿಂದ ಮುಚ್ಚಳದ ಒಳಗೆ ಒಂದು ಗೀರು, ಪಕ್ಕದಲ್ಲಿ ಉರ್ದು ಅಂಕಿಯಲ್ಲಿ ತಿಂಗಳು, ವರ್ಷ. ಮುಂದೆ ಎಂದಾದರೂ ತೆರೆಯುವ ಇನ್ನೊಬ್ಬ ರಿಪೇರಿಯವನಿಗೆ ಮಾತ್ರ ಕಾಣುವ ರುಜು. ಒಳ್ಳೆ ವಾಚು ಅಂದರೆ ಒಳಗೆ ಆರೇಳು ಗೀರು ಇರೋದು ಅನ್ನುತ್ತಿದ್ದರು. ಯಾರೋ ಅದನ್ನು ಬಿಸಾಡದೆ ಮತ್ತೆ ಮತ್ತೆ ತಂದಿದ್ದಾರೆ ಅಂತ.

ಹಾಗಂತ ಆಗಿನವರಿಗೆ ಶೋಕಿ ಇರಲಿಲ್ಲ ಎಂದರೆ ಅದು ಹಸೀ ಸುಳ್ಳು. ತುಂಬು ತೋಳಿನ ಅಂಗಿಯವರು ಎಡಗೈ ತೋಳನ್ನು ಮಾತ್ರ ಎರಡು ಮಡಿಕೆ ಮೇಲೆ ಮಡಚುತ್ತಿದ್ದರು. ಬಸ್‌ಸ್ಟಾಂಡಿನಲ್ಲಿ "ಟೈಮ್ ಎಷ್ಟಾಯ್ತು ಸಾರ್" ಎಂದು ಕೇಳಿಸಿಕೊಳ್ಳುವುದಕ್ಕೇ ವಾಚು ಕಟ್ಟಿದವರಿದ್ದರು. ಅದಕ್ಕೊಂದು ವರ್ಣಾಶ್ರಮವೂ ಇತ್ತು. ತಾತನ ಕಾಲದ ವೆಸ್ಟ್ ಎಂಡ್, ಫೇವರ್ ಲೂಬಾ ಕಟ್ಟಿದವರು ಹಳೇ ಮನೆತನದವರು. ದುಬೈನಿಂದ ಬಂದವರ ಕೈಯಲ್ಲಿ ಸೈಕೋ ಫೈವ್. ಮದರಾಸಿನ ಬರ್ಮಾ ಬಜಾರಿನಿಂದ ತಂದವರು ಎಲ್ಲಿಂದ ತಂದದ್ದು ಅಂತ ಹೇಳುತ್ತಿರಲಿಲ್ಲ. ಉಳಿದ ಊರೆಲ್ಲ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ನಮ್ಮ ಜಾಲಹಳ್ಳಿಯಲ್ಲೇ ಶುರುವಾದ ವಾಚು. ಬೆಂಗಳೂರಿಗೆ ಅದರ ಮೇಲೆ ಸೋದರಮಾವನ ಹಕ್ಕು ಬೇರೆ. ವಾಚಿಗಿಂತ ಅಲ್ಲಿಯ ಕೆಲಸವೇ ದೊಡ್ಡ ಅಂತಸ್ತು: ಎಚ್‌ಎಂಟಿ, ಎಚ್‌ಎಎಲ್, ಬಿಇಎಲ್, ಐಟಿಐ ಹುಡುಗ ಎಂದರೆ ಹೆಣ್ಣಿನ ಕಡೆಯವರು ಜಾತಕ ತಾವಾಗಿ ಕಳಿಸುತ್ತಿದ್ದರು. 1983ರಲ್ಲಿ ಎಚ್‌ಎಂಟಿಯವರು ಲಾಲ್‌ಬಾಗಿನಲ್ಲಿ ಹೂಗಡಿಯಾರ ಮಾಡಿಕೊಟ್ಟಾಗ ಭಾನುವಾರ ಅದರ ಮುಂದೆ ನಿಂತು ತಮ್ಮ ಕೈಗಡಿಯಾರ ಹೊಂದಿಸಿಕೊಳ್ಳುವ ಗಂಡಸರ ಸಾಲು ನೋಡಬೇಕಿತ್ತು. ಅರ್ಧ ಜನಕ್ಕೆ ಟೈಮು ಸರಿಯಾಗೇ ಇರುತ್ತಿತ್ತು.

ಓಡದ ವಾಚು ಕಟ್ಟಿಕೊಂಡು ತಿರುಗುವವರೂ ಇದ್ದರು. ಬೀದಿಯಲ್ಲಿ ಹೋಗುವಾಗ ಉಸ್ತಾದರು ಕಣ್ಣಲ್ಲೇ ನನಗೆ ತೋರಿಸುತ್ತಿದ್ದರು. ಮೇನ್‌ಸ್ಪ್ರಿಂಗ್ ತುಂಡಾಗಿದೆ, ಹಾಕಿಸಲು ದುಡ್ಡಿಲ್ಲ, ಬಿಚ್ಚಿಡಲು ಮನಸ್ಸಿಲ್ಲ. ಅಂಥವರು ಎದುರಾದರೆ ಎಂದೂ ಅವರನ್ನು ಟೈಮು ಕೇಳಬಾರದು ಎಂಬುದು ಅಂಗಡಿಯ ಕಟ್ಟಳೆ. ಮದುವೆಯಲ್ಲಿ ಕೈಗೆ ಬಂದ ವಾಚು ಶ್ರಾವಣ ಕಳೆಯುವ ಮೊದಲೇ ಮಾರಾಟಕ್ಕೆ ಬಂದರೂ ಹಾಗೆಯೇ: ಯಾಕೆ ಅಂತ ಕೇಳುವ ಹಾಗಿಲ್ಲ, ಚೀಟಿಯಲ್ಲಿ ಹೆಸರು ಬರೆಯುವ ಹಾಗಿಲ್ಲ. ಊರಿನ ಎಷ್ಟೋ ಮನೆಗಳ ಮಾನ ಆ ಮೆಟ್ಟಿಲ ಕೆಳಗಿನ ಡಬ್ಬಿಯಲ್ಲಿತ್ತು.

ಒಂದು ವ್ಯಾಪಾರ ಮಾತ್ರ ನಾನು ಸಾಯುವ ತನಕ ಮರೆಯುವುದಿಲ್ಲ. ಮಾಗಡಿ ಕಡೆಯ ಹಳ್ಳಿಯ ಮೇಷ್ಟ್ರು ಒಬ್ಬರು ಬಂದರು. ಮಗಳ ಮದುವೆ ಗೊತ್ತಾಗಿದೆ. ಅಳಿಯನಿಗೆ ಎಚ್‌ಎಂಟಿ ಕಾಂಚನ್ ಬೇಕು. ಕಾಂಚನ್ ಆಗ ಮದುವೆ ಮಾತುಕತೆಯಲ್ಲಿ ಹೆಸರು ಹಿಡಿದು ಕೇಳುವ ವಾಚು. ದೊಡ್ಡ ಅಂಗಡಿಗಳಲ್ಲಿ ಸ್ಟಾಕಿಲ್ಲ ಅನ್ನುವರು. ಇದ್ದರೂ ಬಿಲ್ಲಿನ ಮೇಲೆ ಒಂದಿಷ್ಟು ಕೈಗೆ ಇಡಬೇಕು. ಉಸ್ತಾದರ ಹತ್ತಿರ ಹೆಚ್ಚು ಬಳಸದ ಒಂದು ಕಾಂಚನ್ ಬಂದಿತ್ತು. ಮೇಷ್ಟ್ರ ಒಂದು ತಿಂಗಳ ಸಂಬಳಕ್ಕೆ ಹತ್ತಿರದ ಬೆಲೆ. ಅವರು ಕೋಟಿನ ಒಳಜೇಬಿಂದ ನೋಟು ತೆಗೆದು ಎಣಿಸಿದರು, ಸಾಲದು. ಮತ್ತೆ ಎಣಿಸಿದರು. ಆಮೇಲೆ ತಮ್ಮ ಕೈಯ ವೆಸ್ಟ್ ಎಂಡ್ ಬಿಚ್ಚಿ ಮೇಜಿನ ಮೇಲಿಟ್ಟರು.

ಉಸ್ತಾದರು ಮುಚ್ಚಳ ತೆಗೆದು ನೋಡಿದರು. ಒಳಗೆ ಗೀರುಗಳ ಸಾಲು.

"ಮೇಷ್ಟ್ರೇ, ಇದ್ರ ಮಷೀನು ಅದಕ್ಕಿಂತ ಒಳ್ಳೇದು. ಪಾಲಿಷ್ ಹಾಕಿ ಹೊಸ ಗ್ಲಾಸ್ ಕೂರಿಸ್ತೀನಿ, ದುಡ್ಡು ಬೇಡ. ಅಳಿಯಂದ್ರಿಗೆ ಇದನ್ನೇ ಕೊಡಿ."

"ಅವ್ರಿಗೆ ಮಷೀನು ಬೇಡ ಸಾಬರೇ. ಡಯಲ್ ಕರ್ರಗಿರಬೇಕಂತೆ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಶುರುವಾದ ಚೌಕಾಸಿ ನಾನು ಬೇರೆಲ್ಲೂ ಕಾಣದ್ದು. ಮೇಷ್ಟ್ರು ತಮ್ಮ ವಾಚಿಗೆ ಒಂದು ಬೆಲೆ ಹೇಳಿದರು. ಉಸ್ತಾದರು ಅಲ್ಲ, ಅದಕ್ಕಿಂತ ಜಾಸ್ತಿ ಬಾಳುತ್ತದೆ ಎಂದರು. ಮೇಷ್ಟ್ರಿಗೆ ಅನುಮಾನ, ದಾನ ಕೊಡುತ್ತಿದ್ದಾರೋ ಅಂತ. ಬೇಡ ಎಂದು ಇಳಿಸಿದರು. ಉಸ್ತಾದರು ಮತ್ತೆ ಏರಿಸಿದರು. ಮಾರುವವನು ಇಳಿಸುತ್ತ, ಕೊಳ್ಳುವವನು ಏರಿಸುತ್ತ ಇಬ್ಬರೂ ನಡುವೆ ಎಲ್ಲೋ ನಿಂತರು. ಮೇಷ್ಟ್ರು ಬರಿಗೈ ಉಜ್ಜಿಕೊಳ್ಳುತ್ತ ಮೆಜೆಸ್ಟಿಕ್ ಕಡೆ ನಡೆದರು. ಬಸ್ಸಿಗೆ ಟೈಮಾಯಿತೇ ಎಂದು ದಾರಿಯಲ್ಲಿ ಯಾರನ್ನಾದರೂ ಕೇಳಿರಬೇಕು.

ಇಷ್ಟಕ್ಕೇ ಬಿಟ್ಟರೆ ಉಸ್ತಾದರು ದೇವರಾಗುತ್ತಾರೆ. ಅವರು ಆ ವೆಸ್ಟ್ ಎಂಡನ್ನು ಚಿಕ್ಕಪೇಟೆಯ ಜವಳಿ ಸೇಠ್ ಒಬ್ಬರಿಗೆ ಒಳ್ಳೇ ಲಾಭಕ್ಕೆ ಮಾರಿದರು, ಚೀಟಿ ಬರೆದವನು ನಾನೇ. ಲೇಡೀಸ್ ವಾಚು ಬಂದರೆ ಮಷೀನು ಸಣ್ಣದು ಎಂದು ಜಾಸ್ತಿ ತೆಗೆದುಕೊಳ್ಳುತ್ತಿದ್ದರು. ಅದು ಪೂರ್ತಿ ನಿಜ ಅಂತ ನನಗೆ ಅನಿಸಿದ್ದಿಲ್ಲ. ನನ್ನ ಪಗಾರವನ್ನು ಅವರಾಗಿ ಏರಿಸಿದ್ದು ನೆನಪಿಲ್ಲ. ಬಲಗಣ್ಣು ಮಂಜಾದ ಮೇಲೂ ಒಪ್ಪಿಕೊಳ್ಳದೆ ಒಂದೆರಡು ಹೇರ್‌ಸ್ಪ್ರಿಂಗ್ ಹಾಳು ಮಾಡಿದರು. ಇಬ್ಬರು ಮಕ್ಕಳನ್ನೂ ಈ ಮೇಜಿನ ಹತ್ತಿರ ಬರಗೊಡಲಿಲ್ಲ.

ಹೊಡೆತ ಬಿದ್ದದ್ದು ಕ್ವಾರ್ಟ್ಸ್ ಬಂದಾಗ. ಅದನ್ನು ಮೊದಲು ಎಚ್‌ಎಂಟಿಯೇ ತಂದಿತ್ತು, ಆದರೆ ಅವರಿಗೆ ತಮ್ಮ ಕೀ ವಾಚುಗಳ ಮೇಲೇ ನೆಚ್ಚಿಕೆ. 1987ರಲ್ಲಿ ಹೊಸೂರಿನ ಟೈಟಾನ್ ಮಾರುಕಟ್ಟೆಗೆ ಬಂತು. ಇನ್‌ಫೆಂಟ್ರಿ ರಸ್ತೆಯ ಸಫೀನಾ ಪ್ಲಾಜಾದಲ್ಲಿ ಅದರ ಮೊದಲ ಷೋರೂಮು. ಟೀವಿಯಲ್ಲಿ ಮೊಜಾರ್ಟನ ಸಂಗೀತ, ಒಬ್ಬರಿಗೊಬ್ಬರು ವಾಚು ಉಡುಗೊರೆ ಕೊಡುವ ಚೆಂದದ ಮುಖಗಳು. ಉಸ್ತಾದರನ್ನು ನೋಡಲು ಕರೆದೊಯ್ದೆ. ಒಳಗೆ ಬರಲಿಲ್ಲ. ಗಾಜಿನ ಹೊರಗೆ ನಿಂತು ಮಕಮಲ್ಲಿನ ಮೇಲೆ ಮಲಗಿಸಿದ ವಾಚುಗಳನ್ನು ನೋಡಿ, "ಇದು ಒಡವೆ ಅಂಗಡಿ ಬೇಟಾ" ಎಂದರು. ಮುಂದೆ ಅದೇ ಕಂಪನಿ ತನಿಷ್ಕ್ ತೆರೆದು ಒಡವೆಗೇ ಇಳಿಯಿತು, ಈಗ ಅದರ ವ್ಯಾಪಾರದಲ್ಲಿ ದೊಡ್ಡ ಪಾಲು ಒಡವೆಯದೇ. ಉಸ್ತಾದರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು. ಮಕಮಲ್ಲು ಕಂಡು ಹೇಳಿದರು ಅಷ್ಟೆ.

ಆ ದಿನಗಳಲ್ಲಿ ಜನ ಸೆಕೆಂಡ್ ಮುಳ್ಳು ತೋರಿಸಿ ಜಂಬಪಡುತ್ತಿದ್ದರು: "ನೋಡಿ, ಟಕ್ ಟಕ್ ಅಂತ ಒಂದೊಂದೇ ಹೆಜ್ಜೆ, ಕೀ ಕೊಡೋ ಹಾಗೇ ಇಲ್ಲ." ಜಾರಿಕೊಂಡು ಓಡುವ ಮುಳ್ಳು ಹಳೇ ಕಾಲದ್ದಾಯಿತು, ಬಡವರದ್ದಾಯಿತು. ಈಗ ವಿಠಲ್ ಮಲ್ಯ ರಸ್ತೆಯ ಯುಬಿ ಸಿಟಿಯಂಥ ಕಡೆ ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಸ್ವಿಸ್ ವಾಚಿನಲ್ಲಿ ಮುಳ್ಳು ಜಾರಿಕೊಂಡೇ ಓಡಬೇಕು. ಟಕ್ ಟಕ್ ಅಂದರೆ ಅಗ್ಗದ್ದು ಅಂತ ಅರ್ಥ. ಮೂವತ್ತು ವರ್ಷದಲ್ಲಿ ಮುಳ್ಳಿನ ನಡಿಗೆಯ ಜಾತಿಯೇ ತಿರುಗಾಮುರುಗಾ. ಇನ್ನು ಟೈಮು ನೋಡುವುದಕ್ಕೆ ಎಲ್ಲರ ಜೇಬಿನಲ್ಲೂ ಫೋನಿದೆ. ನಮ್ಮ ಅಪಾರ್ಟ್‌ಮೆಂಟಿನ ಗಣಪತಿ ಹಬ್ಬದಲ್ಲಿ ಗಂಡಸರು ಮಂಗಳಾರತಿಗೆ ಕೈ ಚಾಚುವಾಗ ಎಡಗೈಯನ್ನೂ ಚಾಚುತ್ತಾರೆ. ಯಾರದು ಎಷ್ಟರದ್ದು ಎಂಬುದು ಪ್ರಸಾದ ಹಂಚುವುದರೊಳಗೆ ಎಲ್ಲರಿಗೂ ಗೊತ್ತು. ಯಾರದು ಕಂತಿನ ಮೇಲೆ ಬಂದದ್ದು ಎಂಬುದೂ ಹೆಂಗಸರಿಗೆ ಗೊತ್ತು. ಮೇಷ್ಟ್ರ ಅಳಿಯ ಇವರಿಗಿಂತ ಕೀಳಲ್ಲ, ಮೇಲೂ ಅಲ್ಲ. ಆದರೆ ಅವನ ಕಾಂಚನ್ ನಿಂತರೆ ಅದನ್ನು ಹೊತ್ತು ಒಬ್ಬ ಮನುಷ್ಯನ ಮುಂದೆ ಸ್ಟೂಲಿನ ಮೇಲೆ ಕೂರಬೇಕಿತ್ತು. ಆ ಮನುಷ್ಯ ಅದರ ಹೊಟ್ಟೆ ಬಗೆದು, ಇಷ್ಟೇ ಸ್ವಾಮಿ ನಿಮ್ಮ ವಾಚು ಅಂತ ತೋರಿಸುತ್ತಿದ್ದ.

ಆ ಕಟ್ಟಡ ಈಗಿಲ್ಲ. ಮೆಟ್ಟಿಲಿದ್ದ ಜಾಗದಲ್ಲಿ ಇಮಿಟೇಷನ್ ಒಡವೆಯ ಮಳಿಗೆ, ಹೊರಗೆ ಕೂಗಿ ಕರೆಯುವ ಹುಡುಗ. ಉಸ್ತಾದರು ಬೇಡ ಬೇಡ ಎಂದರೂ ಮೊಮ್ಮಗನೊಬ್ಬ ಈ ಕಸುಬಿಗೇ ಬಂದ. ಮೆಟ್ರೋ ಬಂದ ಮೇಲೆ ಜನ ಓಡಾಟ ಹೆಚ್ಚಾದ ಒಂದು ಮೂಲೆಯಲ್ಲಿ ನಾಲ್ಕಡಿ ಅಂಗಡಿ ಇಟ್ಟಿದ್ದಾನೆ. ಬ್ಯಾಟರಿ ಹಾಕುವುದು, ಚೈನಿನ ಕಡಿ ತೆಗೆಯುವುದು, ಫೋನಿನ ಗಾಜಿಗೆ ಹಾಳೆ ಅಂಟಿಸುವುದು. ತಾತನ ಐ ಗ್ಲಾಸು ಡ್ರಾಯರಿನಲ್ಲಿದೆ. ಅದು ಹೊರಗೆ ಬರುವುದು ಯಾರಾದರೂ ದೊಡ್ಡ ಹೆಸರಿನ ವಾಚು ತಂದು "ಸ್ವಲ್ಪ ಒರಿಜಿನಲ್ಲಾ ನೋಡಿ" ಎಂದಾಗ. ಫಸ್ಟ್ ಕಾಪಿ ಎಂದು ಕೊಂಡವರೂ ಬರುತ್ತಾರಂತೆ, ಇದು ಫಸ್ಟ್ ಕಾಪಿಯೇನಾ, ಸೆಕೆಂಡ್ ಕಾಪಿ ಕೊಟ್ಟು ಮೋಸ ಮಾಡಿದರಾ ಎಂದು ಕೇಳಲು.

ಬ್ಯಾಟರಿಗೆ ಎಷ್ಟು ತಗೊಳ್ತೀಯೋ ಎಂದು ಕೇಳಿದೆ.

"ಬ್ಯಾಟರಿ ಎಲ್ಲಾದಕ್ಕೂ ಒಂದೇ ಅಂಕಲ್. ವಾಚ್ ನೋಡಿ ರೇಟ್ ಹೇಳ್ತೀನಿ. ಮೊದ್ಲೆಲ್ಲ ಐವತ್ತು ಅಂತಿದ್ದೆ, ಕಾರಲ್ಲಿ ಬಂದೋರು ವಾಚು ವಾಪಸ್ ತಗೊಂಡು ಹೋಗಿಬಿಡೋರು, ಇವನಿಗೇನು ಬರುತ್ತೆ ಅಂತ. ಈಗ ಅವ್ರಿಗೆ ಐನೂರು ಅಂತೀನಿ. ಕೂತ್ಕೊಂಡು ಹಾಕಿಸ್ಕೊಂಡು ಹೋಗ್ತಾರೆ."