ಬಿಂದುಮಾತ್ರ ರಕ್ತ

ಮೈಗೂ ಮೂತ್ರಕ್ಕೂ ಇರುವೆಗಳು ಮುತ್ತುವುದು ಪ್ರಮೇಹದ ಪೂರ್ವರೂಪಗಳಲ್ಲೊಂದೆಂದು ಚರಕಸಂಹಿತೆಯಲ್ಲಿ ಹೇಳಿದೆ. ಆ ಪರೀಕ್ಷೆಯಲ್ಲಿ ರೋಗಿಗೆ ನೋವಿಲ್ಲವೆಂಬುದು ನಿಜ. ಆದರೆ ಈ ಹೊತ್ತು ರಕ್ತದಲ್ಲಿ ಸಕ್ಕರೆ ಎಷ್ಟಿದೆಯೆಂಬುದನ್ನು ಇರುವೆಯು ತಿಳಿಸಲಾರದು. ಅದಕ್ಕಾಗಿ ಬೆರಳನ್ನೇ ಚುಚ್ಚಬೇಕಾಯಿತು. ಬೆರಳ ತುದಿಯಾದರೋ ಸ್ಪರ್ಶಜ್ಞಾನದ ನರಗಳು ಒತ್ತಾಗಿ ನೆರೆದಿರುವ ಸ್ಥಳ. ನಮ್ಮ ಮನೆಯಾಕೆಯು ಈ ಕರ್ಮವನ್ನು ದಿನವೂ ನಾಳೆಗೆ ತಳ್ಳುವುದನ್ನು ಕಂಡವನಾದ್ದರಿಂದ, ನೋವಿನ ಭಯವು ರೋಗಕ್ಕೆ ಹೇಗೆ ನೆರವಾಗುವುದೆಂಬುದನ್ನು ಬಲ್ಲೆನು.

ಅಮೆರಿಕೆಯ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ಇಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಆಡಮ್ ಹೆಲ್ಲರ್ ಮಹಾಶಯರು ಈ ಕಷ್ಟಕ್ಕೊಂದು ಉಪಾಯವನ್ನು ಕಂಡರು. ಮುಂದೋಳಿನಲ್ಲಿ ಚುಚ್ಚಿದರೆ ನೋವು ಅಲ್ಪ. ಆದರೆ ಅಲ್ಲಿ ಒಸರುವ ರಕ್ತವೂ ಅಲ್ಪ. ಆದಕಾರಣ ಬೇಕಾಗುವ ರಕ್ತವನ್ನೇ ಕಡಿಮೆಮಾಡಬೇಕು. ಅವರೂ ಅವರ ಪುತ್ರ ಎಫ್ರಾಯಿಮರೂ ಕಟ್ಟಿದ ಥೆರಾಸೆನ್ಸ್ ಸಂಸ್ಥೆಯಿಂದ 2000ದಲ್ಲಿ ಹೊರಬಂದ ಫ್ರೀಸ್ಟೈಲ್ ಮಾಪಕಕ್ಕೆ 0.3 ಮೈಕ್ರೊಲೀಟರ್ ರಕ್ತವು ಸಾಕಾಯಿತು. ಒಂದು ಮಿಲಿಲೀಟರಿನಲ್ಲಿ ಅಂತಹ ಬಿಂದುಗಳು 3,000ಕ್ಕೂ ಮಿಕ್ಕಿ ಉಂಟು! ಪಟ್ಟಿಯ ಅಂಚಿನ ಕಿರುಸಂದಿಯು ಆ ಬಿಂದುವನ್ನು ತಾನೇ ಹೀರಿಕೊಳ್ಳುವುದು. ಅದರೊಳಗಿನ ಗ್ಲೂಕೋಸಿನಿಂದ ಹೊರಟ ಎಲೆಕ್ಟ್ರಾನುಗಳನ್ನು ಯಂತ್ರವು, ಜಿಪುಣನು ಕಾಸೆಣಿಸುವಂತೆ, ಲೆಕ್ಕಹಾಕಿ ಸಕ್ಕರೆಯ ಪ್ರಮಾಣವನ್ನು ಹೇಳುವುದು.

ಆದರೆ ವಾಚಕರು ಒಂದನ್ನು ಮರೆಯಬಾರದು. ಸಕ್ಕರೆಯು ಥಟ್ಟನೆ ಇಳಿಯುತ್ತಿರುವಾಗ ತೋಳಿನ ರಕ್ತವು ಆ ಸುದ್ದಿಯನ್ನು ತಡವಾಗಿ ತರುವುದು. ಬೆವರು ನಡುಕಗಳು ಕಂಡಾಗ ಬೆರಳನ್ನೇ ಚುಚ್ಚತಕ್ಕದ್ದು.